ಬೀರುವಿನ ಬೆನ್ನು, ಸೀರೆಯ ಒಳಮಡಿಕೆ

ಹರಾಜಿನಲ್ಲಿ ಮುಖ ನೋಡಿ ಮಣೆ ಹಾಕಿದವರು ಮನೆಗೆ ತರುವುದು ಹುಳ ಹಿಡಿದ ಮಣೆಯನ್ನೇ. ಸವಾಲು ಕೂಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಲಾಭವೋ ನಷ್ಟವೋ ತೀರ್ಮಾನವಾಗುವುದು ಅದಕ್ಕೆ ಮುಂಚೆ ಸಾಮಾನು ನೋಡಲು ಬಿಡುವ ಅರ್ಧ ಮುಕ್ಕಾಲು ಗಂಟೆಯಲ್ಲಿ. ಆ ಹೊತ್ತಿನಲ್ಲಿ ಬಹುಪಾಲು ಜನ ನೋಡುವುದು ಬೀರುವಿನ ಬಾಗಿಲನ್ನು, ಸೀರೆಯ ಸೆರಗನ್ನು. ನೋಡಬೇಕಾದದ್ದು ಬೀರುವಿನ ಬೆನ್ನು, ಸೀರೆಯ ಒಳಮಡಿಕೆ.

ಕೋಲಾರ ಸೀಮೆಯಲ್ಲಿ ಹಳೇ ಸಾಮಾನು ಕೂಗಿಗೆ ಬರುವ ದಾರಿಗಳು ಕೆಲವೇ. ಮೊದಲನೆಯದು ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿ ಕೆಲಸಕ್ಕೆ ಇಳಿದ ಮೇಲೆ ಊರಗಾಂ, ಚಾಂಪಿಯನ್ ರೀಫ್ ಕಡೆ ಬಂಗಲೆಗಳು ಎದ್ದವು. ಅವುಗಳ ಜೊತೆಗೆ ಉದ್ದ ಕೈಯ ಈಜಿಚೇರು, ಅಮೃತಶಿಲೆ ಹಲಗೆಯ ವಾಶ್‌ಸ್ಟ್ಯಾಂಡ್, ಸೊಳ್ಳೆಪರದೆ ಕಂಬದ ಮಂಚಗಳೂ ಬಂದವು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಊರು ಬಿಟ್ಟ ಕುಟುಂಬಗಳ ಸಾಮಾನು ಕೈಯಿಂದ ಕೈಗೆ ಹೋಗಿ ಇವತ್ತಿಗೂ ಕೂಗಿಗೆ ಬರುತ್ತಿದೆ. ಎರಡನೆಯದು ಸರ್ಕಾರಿ ಕಚೇರಿಗಳ ‘ಅನುಪಯುಕ್ತ ಪೀಠೋಪಕರಣ’ದ ಹರಾಜು. ಮೂರನೆಯದು ಕೆಡವುವ ತೊಟ್ಟಿಮನೆಗಳ ಕಂಬ, ಬಾಗಿಲವಾಡ, ಪೆಟ್ಟಿಗೆ. ದೇವಸ್ಥಾನಗಳಲ್ಲಿ ದೇವಿಗೆ ಬಂದ ಸೀರೆಗಳ ಹರಾಜೂ ಇದೆ, ಆದರೆ ಅಲ್ಲಿ ಬರುವುದು ಹೊಸ ಸೀರೆ. ಅದು ಭಕ್ತಿಯ ಬಾಬತ್ತು, ಸಂಗ್ರಹದ್ದಲ್ಲ.

‘ಕೆಜಿಎಫ್ ಬಂಗಲೆಯದು ಸಾರ್’ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಸೇರಿಸಬೇಡಿ. ಹಳೇ ರಸೀದಿ, ಫೋಟೊ, ಮರದ ಮೇಲೆ ಬಣ್ಣದಲ್ಲಿ ಬರೆದ ದಾಸ್ತಾನು ನಂಬರು ಇದ್ದರೆ ಮಾತು ಬೇರೆ. ಆ ನಂಬರನ್ನು ಕೆರೆದು ‘ಕ್ಲೀನ್’ ಮಾಡುವವರೂ ಇದ್ದಾರೆ. ಸಾಮಾನಿನ ಜಾತಕವನ್ನೇ ಹರಿದು ಹಾಕಿದ ಹಾಗೆ ಅದು.

ಜೇಬಿನಲ್ಲಿ ಇರಬೇಕಾದದ್ದು ಇಷ್ಟು: ಸಣ್ಣ ಟಾರ್ಚು, ಚಿನ್ನದಂಗಡಿಯವರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ, ಟೇಪು, ಸೂಜಿ, ಅಯಸ್ಕಾಂತದ ತುಂಡು, ಬಿಳಿ ಕರವಸ್ತ್ರ. ಹಿತ್ತಾಳೆ ಹಿಡಿಗೆ ಅಯಸ್ಕಾಂತ ಅಂಟಿಕೊಂಡರೆ ಅದು ಹಿತ್ತಾಳೆ ಲೇಪದ ಕಬ್ಬಿಣ. ಕರವಸ್ತ್ರ ಯಾಕೆಂದರೆ ಮೂಲೆಗಳಲ್ಲಿ ‘ಕಾಲದ ಕೊಳೆ’ ಎಂದು ತೋರಿಸುವುದು ಎಷ್ಟೋ ಸಲ ಕಂದು ಶೂ ಪಾಲಿಶ್. ಉಜ್ಜಿದರೆ ಬಟ್ಟೆಗೆ ಬರುತ್ತದೆ, ವಾಸನೆಯೂ ಬರುತ್ತದೆ.

ಮರದ ಸಾಮಾನಿನ ವಯಸ್ಸು ಹೇಳುವಾಗ ಇಂಗ್ಲಿಷ್ ಕೈಪಿಡಿಗಳನ್ನು ಓದಿ ಬಂದವರು ಎಡವುವ ಜಾಗ ಒಂದಿದೆ. ಗರಗಸದ ಗೆರೆ ನೇರವಾಗಿ, ಏರುಪೇರಾಗಿ ಇದ್ದರೆ ಕೈಗರಗಸ, ಆದ್ದರಿಂದ ತುಂಬ ಹಳೆಯದು. ಡ್ರಾಯರಿನ ಮೂಲೆಯಲ್ಲಿ ಹಲಗೆಗಳನ್ನು ಕಚ್ಚಿಸುವ ಡವ್‌ಟೇಲ್ ಹಲ್ಲುಗಳು ಒಂದೊಂದು ಒಂದೊಂದು ಅಳತೆ ಇದ್ದರೆ ಕೈಕೆಲಸ, ಆದ್ದರಿಂದ ಯಂತ್ರ ಬರುವುದಕ್ಕೆ ಮುಂಚಿನದು ಎಂದು ಅಲ್ಲಿ ಬರೆದಿರುತ್ತದೆ. ಯುರೋಪಿಗೆ ಅದು ಸರಿ. ನಮ್ಮಲ್ಲಿ ಕೈಗರಗಸ, ಕೈಯುಳಿ ತೀರಾ ಈಚಿನವರೆಗೂ ನಡೆದಿವೆ, ಈಗಲೂ ಕೈಯಲ್ಲೇ ಡವ್‌ಟೇಲ್ ಕೊರೆಯುವ ಆಚಾರಿಗಳಿದ್ದಾರೆ. ಹಾಗಾಗಿ ಕೈಕೆಲಸದ ಗುರುತು ವಯಸ್ಸಿಗೆ ಸಾಕ್ಷಿಯಾಗುವುದಿಲ್ಲ.

ಸಾಕ್ಷಿ ಹೇಳುವುದು ಬೇರೆಯವು. ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಹಳೇ ದುಂಡುಮೇಜನ್ನು ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಟೇಪಿನಲ್ಲಿ ಅಳೆದರೆ ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗಬೇಕು. ಎರಡೂ ಕಡೆ ಕರಾರುವಾಕ್ಕಾಗಿ ಒಂದೇ ಅಳತೆ ಬಂದರೆ ಅನುಮಾನಪಡಿ. ತಲೆಯಲ್ಲಿ ಕೂಡುಗುರುತಿನ ಗುಣಿ ಇರುವ ಫಿಲಿಪ್ಸ್ ಸ್ಕ್ರೂ 1930ರ ದಶಕಕ್ಕಿಂತ ಹಿಂದಿನದಲ್ಲ. ಅದು ಮೂಲ ಜೋಡಣೆಯಲ್ಲೇ ಇದ್ದರೆ ‘ನೂರೈವತ್ತು ವರ್ಷ’ದ ಕಥೆ ಅಲ್ಲಿಗೆ ಮುಗಿಯಿತು. ರಿಪೇರಿಯಲ್ಲಿ ಸೇರಿದ್ದರೆ ಪಕ್ಕದಲ್ಲೇ ಹಳೇ ತೂತೂ ಇರಬೇಕು. ಡ್ರಾಯರನ್ನು ಪೂರ್ತಿ ಹೊರಗೆಳೆದು ತಳ ನೋಡಿ. ಪಾಲಿಶ್ ಕಾಣದ ಒಳಮರ ಗಾಳಿಗೆ ಬಣ್ಣ ಮಾಗಿ, ಎಲ್ಲ ಡ್ರಾಯರುಗಳಲ್ಲೂ ಒಂದೇ ಛಾಯೆಯಲ್ಲಿ ಇರಬೇಕು. ಒಂದರ ತಳ ಮಾತ್ರ ಎಳೇ ಬಣ್ಣದ್ದಾದರೆ ಅದು ಬದಲಾಯಿಸಿದ್ದು. ಡ್ರಾಯರ್ ಜಾರುವ ಪಟ್ಟಿ ಸವೆದಿರಬೇಕು, ಕುರ್ಚಿಯ ಕೈ ಮುಂಭಾಗದಲ್ಲಿ ಸವೆದಿರಬೇಕು. ಕೈ ತಾಗದ ಕಡೆ ಸವೆದು, ತಾಗುವ ಕಡೆ ಚೂಪಾಗಿ ಉಳಿದಿದ್ದರೆ ಅದು ಉಪ್ಪುಕಾಗದದ ಸವೆತ.

ಹಳೇ ಮನೆಯ ತೊಲೆಯಿಂದ ಹೊಸ ಬೀರು ಮಾಡಿ ‘ಆಂಟಿಕ್’ ಎಂದು ಮಾರುವುದು ಈಗ ದೊಡ್ಡ ದಂಧೆ. ಮರ ನಿಜಕ್ಕೂ ಹಳೆಯದೇ ಆದ್ದರಿಂದ ಬಣ್ಣ, ವಾಸನೆ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಹಿಡಿದುಕೊಡುವುದು ಹುಳ. ಕೊರೆಹುಳ ಮರದಿಂದ ಹೊರಬರುವಾಗ ಮೇಲ್ಮೈಯಲ್ಲಿ ದುಂಡನೆಯ ತೂತು ಬಿಡುತ್ತದೆ, ಅಷ್ಟೇ. ಅದರ ಸುರಂಗ ಒಳಗಿರುತ್ತದೆ. ಹಲಗೆಯ ಮೇಲೆ ಉದ್ದುದ್ದಕ್ಕೆ ತೆರೆದುಕೊಂಡ ಕಾಲುವೆಗಳು ಕಂಡರೆ, ಹುಳ ತಿಂದ ಮೇಲೆ ಆ ಮರವನ್ನು ಕೊಯ್ದಿದ್ದಾರೆ ಎಂದರ್ಥ. ಜೊತೆಗೆ ಅರ್ಥವಿಲ್ಲದ ಕಡೆ ಮೊಳೆಯ ತೂತು, ಬಿರಡೆ ಹೊಡೆದ ಚೌಕಗಳೂ ಇರುತ್ತವೆ. ಅಂಥ ಬೀರು ಕೊಳ್ಳಬಾರದು ಎಂದಲ್ಲ. ಒಳ್ಳೇ ತೇಗದ ಹೊಸ ಬೀರುವಿನ ಬೆಲೆ ಕೊಟ್ಟು ಕೊಳ್ಳಿ.

ಹುಳ ಇನ್ನೂ ಬದುಕಿದೆಯೇ ಎಂಬುದು ಬೇರೆ ಪ್ರಶ್ನೆ. ತೂತಿನ ಅಂಚು ಚೂಪಾಗಿದ್ದು, ಒಳಗೆ ಎಳೇ ಬಣ್ಣ ಕಂಡು, ತಟ್ಟಿದರೆ ಮೈದಾದಂಥ ಪುಡಿ ಉದುರಿದರೆ ಹುಳ ಒಳಗಿದೆ. ಒಂದೆರಡು ಮಿಲಿಮೀಟರಿನ ತೂತು, ನುಣ್ಣನೆಯ ಪುಡಿ ಎಂದರೆ ಸಾಮಾನ್ಯವಾಗಿ ಹೊರಗಿನ ಬಿಳಿಮರವನ್ನೇ ತಿನ್ನುವ ಜಾತಿ, ಒಳಗಿನ ಗಟ್ಟಿ ಚೇಗಿಗೆ ಬಾಯಿ ಹಾಕುವುದು ಕಡಿಮೆ. ಗೆದ್ದಲಾದರೆ ಮಣ್ಣಿನ ಗೀರು ಬೆನ್ನ ಮೇಲೋ ಕಾಲಿನ ಒಳಗೋ ಇರುತ್ತದೆ. ಕಾಲಿನ ತಳಕ್ಕೆ ಸೂಜಿ ಚುಚ್ಚಿ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಕಾಲು ಹೋಯಿತು.

ಬೀಟೆಯೋ ಬಣ್ಣ ಹಚ್ಚಿದ ಬೇರೆ ಮರವೋ ನೋಡಲು ಸ್ಪಿರಿಟ್ ಹತ್ತಿ ಉಜ್ಜುವ ರೂಢಿ ಇದೆ. ಅದನ್ನು ನಂಬಬೇಡಿ, ಅಸಲಿ ಬೀಟೆಯೂ ಸ್ಪಿರಿಟ್‌ಗೆ ನೇರಳೆ ಬಿಡುತ್ತದೆ. ತಳದಲ್ಲಿ ಉಗುರಿನಿಂದ ಕೆರೆದು ನೋಡಿ: ಬಣ್ಣ ಹಚ್ಚಿದ್ದಾದರೆ ಕೆಳಗೆ ಬೆಳ್ಳಗೆ ಕಾಣುತ್ತದೆ. ಎತ್ತಿಯೂ ನೋಡಿ. ಅದೇ ಅಳತೆಯ ತೇಗಕ್ಕಿಂತ ಬೀಟೆ ಕೈಗೆ ಎದ್ದು ಕಾಣುವಷ್ಟು ಭಾರ.

ಕೋಲಾರದ ಒಣ ಹವೆಗೆ ಇನ್ನೊಂದು ಮಾತು. ಕರಾವಳಿಯಲ್ಲಿ ಇದ್ದ ಬೀರು ಇಲ್ಲಿಗೆ ಬಂದು ಒಂದು ಬೇಸಿಗೆ ಕಳೆದರೆ ಹಲಗೆ ಕುಗ್ಗುತ್ತದೆ. ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ, ಅಂದರೆ ಉದ್ದಕ್ಕೆ ಕೊರೆದ ಕಾಲುವೆಯಲ್ಲಿ, ಸಡಿಲವಾಗಿ ಕೂರಿಸಿರುವುದೇ ಅದಕ್ಕೆ. ಅಲುಗಾಡುತ್ತದೆ ಎಂದು ಯಾರೋ ಫೆವಿಕಾಲ್ ಸುರಿದು, ಮೊಳೆ ಹೊಡೆದಿದ್ದರೆ ಕುಗ್ಗಲು ಜಾಗವಿಲ್ಲದೆ ಹಲಗೆ ನಡುವೆ ಸೀಳುತ್ತದೆ. ಅಲುಗಾಡುವ ಹಲಗೆ ದೋಷವಲ್ಲ, ಅಲುಗದ ಹಲಗೆಯನ್ನೇ ಟಾರ್ಚು ಬಿಟ್ಟು ನೋಡಬೇಕು.

ಈಗ ಸೀರೆ. ಹಳೇ ಜರಿ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುವವರು ಊರೂರಿಗೆ ಬರುತ್ತಾರೆ. ಅವರು ಕೊಡುವುದು ಲೋಹದ ಬೆಲೆ. ನೇಯ್ಗೆಗೆ ಅಲ್ಲಿ ಬೆಲೆಯೇ ಇಲ್ಲ. ಹರಾಜಿನಲ್ಲಿ ಇವರ ಎದುರು ಕೂಗುವಾಗ ಜರಿ ಯಾವುದು ಎಂದು ನಿಮಗೂ ಗೊತ್ತಿರಬೇಕು. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಗಡು ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟಿದ್ದು. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಎಂದು ಲೆಕ್ಕ ಹೇಳುತ್ತಾರೆ. ಸೆರಗಿನ ತುದಿಯಲ್ಲಿ ಬಿಟ್ಟುಕೊಂಡ ಒಂದೇ ಎಳೆಯನ್ನು, ಮಾರುವವರನ್ನು ಕೇಳಿ, ಭೂತಗನ್ನಡಿ ಕೆಳಗೆ ಸೂಜಿಯಿಂದ ಬಿಚ್ಚಿ. ಚಪ್ಪಟೆ ತಗಡು ಸುರುಳಿ ಸುರುಳಿಯಾಗಿ ಕಳಚಿ, ಒಳಗೆ ಕೆಂಪೋ ಹಳದಿಯೋ ರೇಷ್ಮೆ ಕಂಡರೆ ಆಶೆ ಇಟ್ಟುಕೊಳ್ಳಬಹುದು. ಪ್ಲಾಸ್ಟಿಕ್ ಸಿಪ್ಪೆಯಂತೆ ಹಿಗ್ಗಿದರೆ ಪಾಲಿಯೆಸ್ಟರ್. ಬಿಚ್ಚಲು ಬಿಡದಿದ್ದರೆ ಬಣ್ಣ ನೋಡಿ: ಹಸಿರು ಕಿಲುಬು ಹಿಡಿದಿದ್ದರೆ ತಾಮ್ರ, ಬೂದುಗಪ್ಪಾಗಿದ್ದರೆ ಬೆಳ್ಳಿ. ಕಪ್ಪಾದ ಜರಿಯನ್ನು ಕಂಡು ಉಳಿದವರು ಕೂಗು ನಿಲ್ಲಿಸುತ್ತಾರೆ. ತಿಳಿದವರಿಗೆ ಅದೇ ಒಳ್ಳೇ ಗಳಿಗೆ. ಗೆದ್ದು ತಂದ ಮೇಲೆ ಹುಣಸೆಹಣ್ಣು, ನಿಂಬೆರಸ ಹಚ್ಚಿ ಬೆಳಗಲು ಹೋಗಬೇಡಿ. ಆಮ್ಲ ರೇಷ್ಮೆ ಎಳೆಗೆ ಇಳಿಯುತ್ತದೆ, ಚಿನ್ನದ ತೆಳು ಲೇಪ ಉಜ್ಜಿಗೇ ಹೋಗುತ್ತದೆ.

ರೇಷ್ಮೆ ಸಾಯುವುದು ಮಡಿಕೆಯಲ್ಲಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟ ಸೀರೆಯಲ್ಲಿ ಜರಿಯ ತಗಡೇ ಪಕ್ಕದ ಎಳೆಯನ್ನು ಕೊಯ್ಯುತ್ತದೆ. ಸೀರೆಯನ್ನು ಪೂರ್ತಿ ಬಿಡಿಸಿ, ಒಳಮಡಿಕೆಯನ್ನು ಬೆಳಕಿಗೆ ಹಿಡಿಯಿರಿ; ಗೆರೆಯುದ್ದಕ್ಕೂ ಸಣ್ಣ ಸೀಳುಗಳು ಮಿಂಚಿದರೆ ಉಡುವ ಸೀರೆಯಾಗಿ ಅದರ ಆಯುಸ್ಸು ತೀರಿತು. ಅಂಚು, ಸೆರಗಿಗೆ ಮಾತ್ರ ಬೆಲೆ ಕಟ್ಟಿ. ಎಳೆದು ಗಟ್ಟಿ ನೋಡುವುದು ಬೇಡ, ಹರಿದರೆ ಕೊಂಡ ಹಾಗೆಯೇ.

ಲೇಸ್ ವಿಷಯದಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹಳೇ ಟ್ರಂಕುಗಳಿಂದ ಬಂದದ್ದೆಲ್ಲ ‘ಇಂಗ್ಲೆಂಡಿನದು’ ಆಗಿಬಿಡುತ್ತದೆ. ನಾಗರಕೋಯಿಲಿನಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಮಿಷನರಿಗಳು ಲೇಸ್ ಕಲಿಸಿದ್ದರು. ಆಂಧ್ರದ ನರಸಾಪುರದ ಕ್ರೋಶಾ ಲೇಸ್‌ಗೆ 2024ರಲ್ಲಿ ಜಿಐ ಮಾನ್ಯತೆಯೂ ಬಂದಿದೆ. ಇವುಗಳಲ್ಲಿ ಒಂದು ಸಿಕ್ಕಿದರೆ ಬೇಸರಪಡುವಂಥದ್ದೇನಿಲ್ಲ. ಬೇಸರಪಡಬೇಕಾದದ್ದು ಯಂತ್ರದ ಲೇಸ್‌ಗೆ ಕೈಲೇಸಿನ ಬೆಲೆ ಕೊಟ್ಟಾಗ. ಇಲ್ಲೂ ವರ್ಷ ಹಿಡಿದುಕೊಂಡು ಹೋದರೆ ಮೋಸ: ಲೀವರ್ಸ್ ಲೇಸ್ ಯಂತ್ರ 1813ರಷ್ಟು ಹಳೆಯದು, ಹಳೆಯದಾದ ಮಾತ್ರಕ್ಕೆ ಕೈಯದ್ದಲ್ಲ. ಕನ್ನಡಿ ಹಿಡಿದು ಎಳೆಯ ದಾರಿ ಅನುಸರಿಸಿ. ಬಾಬಿನ್ ಲೇಸಿನಲ್ಲಿ ಎಳೆಗಳು ಜಡೆಯಂತೆ ಒಂದರ ಮೇಲೊಂದು ದಾಟಿ ಹೆಣೆದುಕೊಂಡಿರುತ್ತವೆ. ಸೂಜಿ ಲೇಸೆಂದರೆ ಗುಂಡಿಮನೆ ಹೊಲಿಗೆಯ ಸಾಲು. ಕ್ರೋಶಾದಲ್ಲಿ ಕುಣಿಕೆಯೊಳಗೆ ಕುಣಿಕೆಯ ಸರಪಳಿ. ಯಂತ್ರದ್ದಾದರೆ ವಿನ್ಯಾಸದ ತಪ್ಪೂ ಪ್ರತಿ ಹೂವಿನಲ್ಲಿ ಅದೇ ಜಾಗದಲ್ಲಿ ಮರುಕಳಿಸುತ್ತದೆ. 1880ರ ದಶಕದಲ್ಲಿ ಬಂದ ಕೆಮಿಕಲ್ ಲೇಸ್ ಸೂಜಿ ಲೇಸನ್ನು ಅಣಕಿಸುತ್ತದೆ. ಅದು ರಾಸಾಯನಿಕದಲ್ಲಿ ಕರಗಿಹೋದ ಬಟ್ಟೆಯ ಮೇಲೆ ಹಾಕಿದ ಯಂತ್ರದ ಕಸೂತಿ. ಅದರ ಅಂಚು ನವಿರು ಕೂದಲೆದ್ದಂತೆ ಇರುತ್ತದೆ.

ಕೆಜಿಎಫ್‌ನಿಂದ ಬಂದ ಬಟ್ಟೆಗೆ ಒಂದು ವಿಶೇಷ ಎಚ್ಚರಿಕೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳ ನುಣ್ಣನೆಯ ಕಲ್ಲುಹುಡಿ ಗಾಳಿಗೆ ಎದ್ದು ಮನೆಯೊಳಗೆ ಬರುವ ಊರು ಅದು. ಆ ಹುಡಿ ಎಳೆಗಳ ನಡುವೆ ಕೂತರೆ ಬಟ್ಟೆ ಅಲುಗಿದಾಗಲೆಲ್ಲ ಅರದಂತೆ ಉಜ್ಜುತ್ತದೆ. ನೀರಿಗೆ ಹಾಕುವ ಮುಂಚೆ ಲೇಸಿನ ಮೇಲೆ ನೈಲಾನ್ ಸೊಳ್ಳೆಪರದೆ ಹೊದಿಸಿ, ಕಡಿಮೆ ಎಳೆತದಲ್ಲಿ ವ್ಯಾಕ್ಯೂಮ್ ಮಾಡಿ. ಆಮೇಲೆ ಎರಡು ಪರದೆಗಳ ನಡುವೆ ಇಟ್ಟು, ಅಗಲವಾದ ತಟ್ಟೆಯಲ್ಲಿ ನೆನೆಸಿ. ಬೋರ್‌ವೆಲ್ ನೀರು ಬೇಡವೇ ಬೇಡ: ನಮ್ಮ ಗಡಸು ನೀರಿನಲ್ಲಿ ಸೋಪು ಗಷ್ಟಾಗಿ ಎಳೆಗೆ ಕೂತು ಹಳದಿಯಾಗುತ್ತದೆ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರು, ತಟಸ್ಥ ಸೋಪು ಕೆಲವೇ ಹನಿ, ನೀರು ತಿಳಿಯಾಗುವವರೆಗೆ ಬದಲಾವಣೆ. ಬ್ಲೀಚು, ಹಿಂಡುವುದು, ಇಸ್ತ್ರಿ ಮೂರೂ ಕೂಡದು. ಪಾಲಿಥಿನ್ ಹೊದಿಸಿದ ಥರ್ಮಾಕೋಲ್ ಮೇಲೆ ತುಕ್ಕು ಹಿಡಿಯದ ಪಿನ್ನುಗಳಿಂದ ಆಕಾರಕ್ಕೆ ಹರಡಿ, ನೆರಳಲ್ಲಿ ಒಣಗಿಸಿ.

ಕಾನೂನಿನ ಮಾತು ಚಿಕ್ಕದು, ದಂಡ ದೊಡ್ಡದು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು, ಕಟ್ಟಡದಿಂದ ಕಿತ್ತ ಭಾಗ ಪುರಾವಸ್ತುವಾಗುತ್ತದೆ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಗಜಲಕ್ಷ್ಮಿ ಕೆತ್ತಿದ ಬಾಗಿಲವಾಡದಂಥ ಮರದ ಶಿಲ್ಪವಾದರೆ ನೋಂದಣಿಯೂ ಬೇಕು. ನೋಂದಣಿ ಪತ್ರ ಕೇಳಿ, ಇಲ್ಲದಿದ್ದರೆ ಕೈ ಬಿಡಿ. ಮೈಸೂರು ಕುಸುರಿಯ ಹಳೇ ಬೀಟೆ ಪೆಟ್ಟಿಗೆಯಲ್ಲಿ ಬಿಳಿ ತುಣುಕು ದಂತವಾಗಿದ್ದರೆ ಕೊಳ್ಳುವುದೂ ಮಾರುವುದೂ ಅಪರಾಧ.

ಇನ್ನು ಲೆಕ್ಕ. ಸರಿಮಾಡಿದ ಮೇಲೆ ಬೀರು 40,000 ರೂಪಾಯಿ ಬಾಳುತ್ತದೆ ಎನ್ನಿಸಿತು ಅಂದುಕೊಳ್ಳಿ. ಪಾಲಿಶ್‌ಗೆ 6,000, ಬೆನ್ನುಹಲಗೆಗೆ 3,000, ಕೀಲು ಬೀಗಕ್ಕೆ 1,500, ಸಾಗಣೆಗೆ 2,500, ಒಟ್ಟು 13,000 ಕಳೆದರೆ ಉಳಿಯುವುದು 27,000. ಹರಾಜುದಾರರು 10% ಕಮಿಷನ್, ಅದರ ಮೇಲೆ 18% ಜಿಎಸ್‌ಟಿ ಹಾಕಿದರೆ ಕೂಗಿನ ಮೇಲೆ 11.8% ಬೀಳುತ್ತದೆ. 27,000ವನ್ನು 1.118ರಿಂದ ಭಾಗಿಸಿ: ನಿಮ್ಮ ಕೊನೆಯ ಕೂಗು 24,000 ಚಿಲ್ಲರೆ. ಸಾಮಾನಿನ ಮೇಲೂ ತೆರಿಗೆ ಇದ್ದರೆ ಇನ್ನೂ ಕೆಳಗೆ. ಈ ಅಂಕಿಯನ್ನು ಕ್ಯಾಟಲಾಗಿನ ಅಂಚಿನಲ್ಲಿ ಬರೆದುಕೊಂಡು ಕೂರಿ. ಸರ್ಕಾರಿ ಹರಾಜಿನಲ್ಲಿ ಮಾರಾಟ ‘ಇದ್ದಲ್ಲಿ, ಇದ್ದ ಹಾಗೆ’. ಠೇವಣಿ ಎಷ್ಟು, ಎಷ್ಟು ದಿನದಲ್ಲಿ ಸಾಮಾನು ಎತ್ತಬೇಕು ಎಂಬುದನ್ನು ಪ್ರಕಟಣೆಯಲ್ಲೇ ಓದಿಕೊಳ್ಳಿ, ತಡವಾದರೆ ಠೇವಣಿ ಮುಟ್ಟುಗೋಲು.

ತಂದ ದಿನವೇ ಯಾವುದನ್ನೂ ಮನೆಯ ಉಳಿದ ಸಾಮಾನಿನ ಜೊತೆ ಇಡಬೇಡಿ. ಮರದ್ದನ್ನು ಹೊರಗಿನ ಕೋಣೆಯಲ್ಲಿ ಕಪ್ಪು ಕಾಗದದ ಮೇಲೆ ನಿಲ್ಲಿಸಿ ಎರಡು ಮೂರು ವಾರ ನೋಡಿ, ಪುಡಿ ಬಿದ್ದರೆ ಅಲ್ಲೇ ಕಾಣುತ್ತದೆ. ಒಣಗಿದ ಬಟ್ಟೆಯನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ನುಸಿ, ಅದರ ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ತೇವ ರೇಷ್ಮೆಯ ಮೇಲೆ ಹನಿಗಟ್ಟುತ್ತದೆ.