ಓದುಗರ ಪ್ರಶ್ನೆ: ವೆಲ್ಡಿಂಗ್ ಕಲಿತರೆ ಊರ ಕಡೆಯೇ ಬದುಕಬಹುದಾ?

ಪ್ರಶ್ನೆ: ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ವೆಲ್ಡಿಂಗ್ ಕಲೀತೀನಿ ಅಂತಾನೆ. ಶಿವಮೊಗ್ಗದ ಕಡೆ ಕೂಲಿ ಎಷ್ಟು, ಕೆಲಸ ಹೇಗಿರುತ್ತೆ?

ನನಗೆ ಪರಿಚಯ ಇರುವ ಶೆಡ್ಡುಗಳಲ್ಲಿ ಪಳಗಿದ ಕೈಗೆ ದಿನಕ್ಕೆ 800ರಿಂದ 1,000 ರೂಪಾಯಿ. ಹೆಲ್ಪರ್‌ಗೆ ಅದರ ಅರ್ಧ, ಇಲ್ಲಾ ಸ್ವಲ್ಪ ಜಾಸ್ತಿ. ಆದರೆ ದಿನಗೂಲಿ ಕೇಳಿದರೆ ಸಾಲದು, ತಿಂಗಳಿಗೆ ಎಷ್ಟು ದಿನ ಕೆಲಸ ಅಂತ ಕೇಳಬೇಕು. 900ರಂತೆ 26 ದಿನಕ್ಕೆ 23,400. ಅದೇ ಆಷಾಢದಲ್ಲಿ 12 ದಿನ ಸಿಕ್ಕರೆ 10,800.

ಮಲೆನಾಡಲ್ಲಿ ವೆಲ್ಡರ್‌ನ ವರ್ಷ ನಡೆಯೋದೇ ಮಳೆ ಲೆಕ್ಕದಲ್ಲಿ. ಏಪ್ರಿಲ್, ಮೇ ಬಂತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೆಲ್ಲ ಒಂದೇ ಅವಸರ. ಮಳೆ ಹಿಡಿಯೋದರೊಳಗೆ ಅಂಗಳಕ್ಕೆ ಶೀಟು ಹಾಕಿಸಬೇಕು, ಕೊಟ್ಟಿಗೆಯ ಮಾಡು (ಚಾವಣಿ) ಮುಗಿಸಬೇಕು. ಆಗ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಕತ್ತಲಾದರೂ ಬಿಡುವಿಲ್ಲ. ಜೂನ್‌ನಲ್ಲಿ ಮಳೆ ಶುರುವಾದರೆ ಹೊರಗಿನ ಕೆಲಸ ನಿಂತೇ ಹೋಗುತ್ತೆ. ಒದ್ದೆ ನೆಲದಲ್ಲಿ ನಿಂತು, ಕರಗಿ ಬೆಸುಗೆಯಾಗುವ ರಾಡು ಸಿಕ್ಕಿಸಿದ ಹೋಲ್ಡರ್ ಹಿಡಿಯೋದು ಜೀವಕ್ಕೇ ಅಪಾಯ, ರಾಡು ಕಬ್ಬಿಣಕ್ಕೆ ಮುಟ್ಟಿಸದೆ ಸುಮ್ನೆ ಹಿಡಿದಿದ್ದರೂ ಅದರಲ್ಲಿ 60–80 ವೋಲ್ಟ್ ಇರುತ್ತೆ. ರಾಡೂ ತೇವ ಎಳೆದುಕೊಳ್ಳುತ್ತೆ. ಅಂಥ ರಾಡು ಚಟಪಟ ಸಿಡಿದು, ಮೇಲೆ ಕಟ್ಟಿದ ಸ್ಲ್ಯಾಗ್ ಪದರ ಬಡಿದು ತೆಗೆದು ನೋಡಿದರೆ ಬೆಸುಗೆ ತುಂಬ ಸಣ್ಣ ಸಣ್ಣ ತೂತು. ಆಮೇಲೆ ಗ್ರೈಂಡ್ ಮಾಡಿ ಮತ್ತೆ ಬೆಸುಗೆ ಹೊಡೀಬೇಕು. ಹಾಗೆ ಹೋದ ಹೊತ್ತಿಗೆ ಗಿರಾಕಿ ದುಡ್ಡು ಕೊಡೋದಿಲ್ಲ, ಯಾಕೆಂದರೆ ಗ್ರಿಲ್ಲು, ಗೇಟಿಗೆ ಕೆಜಿ ಲೆಕ್ಕ, ಮಾಡಿಗೆ ಚದರಡಿ ಲೆಕ್ಕ.

ಇನ್ನು ಕಣ್ಣು. ನಾನು ಹೆಲ್ಪರ್ ಆಗಿದ್ದಾಗ ಶೆಡ್ಡಲ್ಲಿ ಮುಖಕ್ಕೆ ಅಡ್ಡ ಹಿಡಿಯೋಕೆ ಇದ್ದದ್ದು ಒಂದೇ ಶೀಲ್ಡ್, ಅದು ಮೇಸ್ತ್ರಿ ಕೈಯಲ್ಲಿ. ನಾನು ಪೈಪು ಹಿಡಿದು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಸಂಜೆ ಏನೂ ಆಗಿರಲಿಲ್ಲ. ಊಟ ಮಾಡಿ ಮಲಗಿದೆ. ನಡುರಾತ್ರಿ ಎಚ್ಚರ ಆದರೆ ಕಣ್ಣಿಗೆ ಮರಳು ಎರಚಿದ ಹಾಗೆ, ರೆಪ್ಪೆ ಬಿಚ್ಚೋಕೆ ಆಗ್ತಿಲ್ಲ. ಅಮ್ಮ ಸೌತೆಕಾಯಿ ಹೋಳು ಇಟ್ಟು ಬೆಳಗು ಮಾಡಿದಳು. ಆರ್ಕ್, ಅಂದರೆ ವೆಲ್ಡಿಂಗ್ ಕಿಡಿಯ ಬೆಳಕಿನ ಪೆಟ್ಟು ಹಾಗೇ, ಕೆಲವು ಗಂಟೆ ಬಿಟ್ಟು ಗೊತ್ತಾಗುತ್ತೆ. ಸತು ಲೇಪಿಸಿದ ಜಿಐ ಪೈಪಿನ ಹೊಗೆಯೂ ಹೀಗೇ ಮೋಸ ಮಾಡುತ್ತೆ. ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತೆ ಅನ್ನೋದು ಬರೀ ನಂಬಿಕೆ. ಗಾಳಿ ಆಡುವ ಕಡೆ ನಿಂತು ಹೊಡೀಬೇಕು, ಅಷ್ಟೇ.

ಮಳೆಗಾಲದ ಚಿಂತೆ ಬೇಡ ಅಂದರೆ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಂಥ ಕಡೆ ಕಾರ್ಖಾನೆ ಕೆಲಸ ನೋಡಬಹುದು. ಶುರುವಿನ ಸಂಬಳ ಹೊರಗಿನ ಕೂಲಿಗಿಂತ ಕಡಿಮೆ ಅನ್ನಿಸಬಹುದು. ಆದರೆ ಅಲ್ಲಿ ಪಿಎಫ್ ಇರುತ್ತೆ, ತಿಂಗಳ ಸಂಬಳ 21,000ದೊಳಗೆ ಇದ್ದರೆ ಇಎಸ್‌ಐ (ಚಿಕಿತ್ಸೆಯ ವಿಮೆ) ಸಿಗುತ್ತೆ, ಓವರ್‌ಟೈಮ್‌ಗೆ ಕಾನೂನು ಪ್ರಕಾರ ದುಪ್ಪಟ್ಟು ಕೊಡಬೇಕು. ಐಟಿಐನಲ್ಲಿ ವೆಲ್ಡರ್ ಕೋರ್ಸ್ ಒಂದೇ ವರ್ಷ, ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು. ರಾಡು ಹಿಡಿದು ಮಾಡುವ ಬರೀ ಆರ್ಕ್ ವೆಲ್ಡಿಂಗ್ ಸಾಲದು. ಗ್ಯಾಸ್ ಬಿಟ್ಟು ಮಾಡುವ ಮಿಗ್, ಟಿಗ್ ವೆಲ್ಡಿಂಗ್ ಕೈಗೆ ಹತ್ತಿದರೆ ಕೂಲಿ ತಾನಾಗಿ ಏರುತ್ತೆ.

ಕೋರ್ಸ್ ಬೇಡ, ಶೆಡ್ಡಲ್ಲೇ ಕಲೀತೀನಿ ಅಂದರೆ ಅದೂ ಆಗುತ್ತೆ, ನಾವೆಲ್ಲ ಹಾಗೇ ಕಲಿತವರು. ಸೇರೋ ಮೊದಲು ಅಲ್ಲಿ ಹೆಲ್ಪರ್‌ಗೂ ಒಂದು ಶೀಲ್ಡ್ ಇದೆಯಾ ಅಂತ ನೋಡಿಕೊಂಡು ಬರಲಿ.