‘ಇನ್ನೊಂದೇ ರೀಲ್’ ಎಂದು ಕೂತವರಿಗೆ ಏಳಲು ಏಕೆ ಆಗುವುದಿಲ್ಲ?

ಪ್ರಶ್ನೆ: ರಾತ್ರಿ ಊಟವಾದ ಮೇಲೆ ಐದು ನಿಮಿಷ ನೋಡೋಣವೆಂದು ಮೊಬೈಲ್ ಹಿಡಿಯುತ್ತೇನೆ. ತಲೆ ಎತ್ತುವಾಗ ಹನ್ನೆರಡೂವರೆ ಆಗಿರುತ್ತದೆ. ನೋಡಿದ್ದರಲ್ಲಿ ಒಂದೂ ನೆನಪಿರುವುದಿಲ್ಲ, ಅಂಥ ಸಂತೋಷವೂ ಆಗಿರುವುದಿಲ್ಲ. ಇದು ನನ್ನ ಮನಸ್ಸಿನ ದೌರ್ಬಲ್ಯವೇ, ಅಥವಾ ಮೊಬೈಲ್‌ನಲ್ಲೇ ಏನಾದರೂ ಇದೆಯೇ?

ಉತ್ತರ: ಕಾರಣದ ದೊಡ್ಡ ಪಾಲು ಮೊಬೈಲ್‌ನಲ್ಲೇ ಇದೆ. ನೀವು ನೋಡುತ್ತಿರುವ ಪರದೆಯಲ್ಲಿ ‘ಇಲ್ಲಿಗೆ ಮುಗಿಯಿತು’ ಎನ್ನುವ ಜಾಗವೇ ಇಲ್ಲ, ಮತ್ತು ಅದು ಇಲ್ಲದಿರುವುದು ಆಕಸ್ಮಿಕವಲ್ಲ.

ನಾವು ಬೆಳೆದ ಕಾಲದ ಓದಿಗೂ ನೋಟಕ್ಕೂ ಒಂದು ಕೊನೆ ಇರುತ್ತಿತ್ತು. ದಿನಪತ್ರಿಕೆಗೆ ಕೊನೆಯ ಪುಟವಿತ್ತು. ವಾರಪತ್ರಿಕೆಯ ಧಾರಾವಾಹಿ ಎಷ್ಟೇ ಕುತೂಹಲದ ಘಟ್ಟದಲ್ಲಿದ್ದರೂ ‘ಸಶೇಷ’ ಎಂಬಲ್ಲಿ ನಿಲ್ಲುತ್ತಿತ್ತು, ಮುಂದಿನ ವಾರದವರೆಗೆ ಕಾಯುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೂ ಬೆಳಗಿನ ಜಾವ ಮಂಗಳವಿರುತ್ತದೆ. ಭಾಗವತರು ಮಂಗಳ ಹಾಡಿದರೆಂದರೆ ಪ್ರೇಕ್ಷಕರು ಚಾಪೆ ಸುತ್ತಿಕೊಂಡು ಏಳುತ್ತಾರೆ. ಇಂಥ ಕೊನೆಗಳು ನಮ್ಮ ಪರವಾಗಿ ಒಂದು ಕೆಲಸ ಮಾಡುತ್ತಿದ್ದವು. ಸಾಕೋ ಬೇಕೋ ಎಂದು ಒಂದು ಕ್ಷಣ ಯೋಚಿಸುವ ಸಂದರ್ಭವನ್ನು ಅವು ತಾವಾಗಿಯೇ ಒದಗಿಸುತ್ತಿದ್ದವು.

ಅಂತರ್ಜಾಲದಲ್ಲೂ ಮೊದಲು ಹಾಗೆಯೇ ಇತ್ತು. ಪುಟದ ಬುಡದಲ್ಲಿ 1, 2, 3 ಎಂಬ ಸಂಖ್ಯೆಗಳೋ ‘ಮುಂದಿನ ಪುಟ’ ಎಂಬ ಗುಂಡಿಯೋ ಇರುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು, ಓದುಗ ಕೆಳಗೆ ಸರಿದಂತೆಲ್ಲ ಮುಂದಿನ ಭಾಗ ತಾನೇ ಬಂದು ಸೇರಿಕೊಳ್ಳುವ ‘ಇನ್‌ಫಿನಿಟ್ ಸ್ಕ್ರೋಲ್’ ವಿಧಾನವನ್ನು ರೂಪಿಸಿದರು. ಓದುಗನಿಗೆ ಒಂದು ಕ್ಲಿಕ್ಕಿನ ಶ್ರಮ ತಪ್ಪಲಿ ಎಂಬುದು ಅವರ ಉದ್ದೇಶವಾಗಿತ್ತು. ಸಾಮಾಜಿಕ ಜಾಲತಾಣಗಳು ಅದನ್ನು ತಮ್ಮದಾಗಿಸಿಕೊಂಡ ಬಗೆಯನ್ನು ಕಂಡ ಮೇಲೆ ಅವರೇ ಸಾರ್ವಜನಿಕವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ. ಮದುವೆ ಊಟದಲ್ಲಿ ಎಲೆ ಖಾಲಿಯಾಗುವ ಮೊದಲೇ ಬಡಿಸುತ್ತ ಹೋದರೆ ಎಷ್ಟು ಉಂಡೆವೆಂಬ ಲೆಕ್ಕ ಹೇಗೆ ತಪ್ಪುತ್ತದೆಯೋ ಇಲ್ಲಿಯೂ ಹಾಗೆಯೇ. ಒಂದು ವಿಡಿಯೊ ಮುಗಿಯುವ ಮೊದಲೇ ಮುಂದಿನದು ಸಿದ್ಧವಾಗಿ ನಿಂತಿರುತ್ತದೆ. ಈಗ ನೋಡುವುದಕ್ಕೆ ನಿರ್ಧಾರ ಬೇಕಾಗಿಲ್ಲ, ನಿಲ್ಲಿಸುವುದಕ್ಕೆ ಬೇಕು. ಆ ನಿರ್ಧಾರವನ್ನು ದಣಿದ ಮನಸ್ಸು ರಾತ್ರಿ ಹನ್ನೊಂದು ಗಂಟೆಗೆ ಮಾಡಬೇಕು.

ಸಂತೋಷವಿಲ್ಲದಿದ್ದರೂ ಏಕೆ ನೋಡುತ್ತೇವೆ ಎಂಬುದು ನಿಮ್ಮ ಪ್ರಶ್ನೆಯ ಅತ್ಯಂತ ಮುಖ್ಯವಾದ ಭಾಗ ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಉತ್ತರ ಮೊಬೈಲ್ ಹುಟ್ಟುವುದಕ್ಕೆ ಬಹಳ ಮೊದಲೇ ಪಾರಿವಾಳಗಳ ಮೇಲೆ ನಡೆದ ಪ್ರಯೋಗಗಳಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮತ್ತು ಅವರ ಸಹೋದ್ಯೋಗಿ ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ವಿವರಗಳ ಪ್ರಕಾರ, ಎಷ್ಟು ಸಲ ಕುಟುಕಿದರೆ ಕಾಳು ಬೀಳುತ್ತದೆ ಎಂಬುದನ್ನು ಮೊದಲೇ ತಿಳಿಯಲಾಗದಂತೆ ಇಟ್ಟರೆ ಪಾರಿವಾಳ ಬಿಡುವಿಲ್ಲದೆ, ವೇಗವಾಗಿ ಕುಟುಕುತ್ತಲೇ ಇರುತ್ತದೆ. ಕಾಳು ಬೀಳುವುದು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಜೂಜಿನ ಯಂತ್ರ ನಡೆಯುವುದು ಇದೇ ತತ್ತ್ವದ ಮೇಲೆ. ಹತ್ತು ರೀಲ್‌ಗಳಲ್ಲಿ ಒಂಬತ್ತು ನೀರಸವಾಗಿದ್ದು ಹತ್ತನೆಯದು ನಗಿಸಿದರೆ, ನಮ್ಮ ಹೆಬ್ಬೆರಳಿಗೆ ಸಿಗುವ ಪಾಠವೂ ಅದೇ. ಹೊಸದೇನಾದರೂ ಬಂದಿದೆಯೇ ಎಂದು ಪರದೆಯನ್ನು ಕೆಳಗೆ ಎಳೆದು ಬಿಡುತ್ತೇವಲ್ಲ, ಟ್ವೀಟಿ ಎಂಬ ಆ್ಯಪ್‌ಗಾಗಿ ಲಾರೆನ್ ಬ್ರಿಕ್ಟರ್ ರೂಪಿಸಿದ ಆ ಚಲನೆಯನ್ನು ಜೂಜಿನ ಯಂತ್ರದ ಹಿಡಿಕೆಗೆ ಹೋಲಿಸುವುದು ಈಗ ವಾಡಿಕೆಯಾಗಿದೆ.

ಡೋಪಮಿನ್ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. ಅದನ್ನು ‘ಸಂತೋಷದ ರಾಸಾಯನಿಕ’ ಎಂದು ಕರೆಯುವುದು ರೂಢಿಯಲ್ಲಿದ್ದರೂ ಅದು ಸರಿಯಾದ ವಿವರಣೆಯಲ್ಲ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಿಗೆ ಒಂದು ಸಂಕೇತ ತೋರಿಸಿ ನಂತರ ಹಣ್ಣಿನ ರಸದ ಹನಿ ಕೊಡುತ್ತಿದ್ದರು. ಮೊದಮೊದಲು ರಸ ಸಿಕ್ಕಾಗ ಚುರುಕಾಗುತ್ತಿದ್ದ ಡೋಪಮಿನ್ ನರಕೋಶಗಳು, ಸಂಕೇತದ ಅರ್ಥ ತಿಳಿದ ಮೇಲೆ ಸಂಕೇತ ಕಂಡಾಗಲೇ ಚುರುಕಾಗತೊಡಗಿದವು. ರಸ ಬಂದಾಗ ಸುಮ್ಮನಿದ್ದವು. ಅವರ ತಂಡ 2003ರಲ್ಲಿ ಇನ್ನೊಂದು ಸಂಗತಿಯನ್ನು ವರದಿ ಮಾಡಿತು. ರಸ ಸಿಗುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಅನಿಶ್ಚಿತವಾಗಿದ್ದಾಗ, ಸಂಕೇತದಿಂದ ಫಲದವರೆಗಿನ ಕಾಯುವ ಅವಧಿಯಲ್ಲಿ ಈ ಕೋಶಗಳ ಚಟುವಟಿಕೆ ಅತ್ಯಂತ ಹೆಚ್ಚಾಗಿ ಏರುತ್ತಿತ್ತು. ಮಂಗನ ಮಿದುಳಿನ ಪ್ರಯೋಗವನ್ನು ನೇರವಾಗಿ ಮನುಷ್ಯನ ಮೊಬೈಲ್‌ಗೆ ಅನ್ವಯಿಸುವಾಗ ಎಚ್ಚರ ಬೇಕು. ಆದರೂ ಬಯಸುವುದು ಬೇರೆ, ಸುಖಿಸುವುದು ಬೇರೆ ಎಂಬ ವಿವೇಚನೆ ನಿಮ್ಮ ರಾತ್ರಿಯ ಅನುಭವಕ್ಕೆ ಚೆನ್ನಾಗಿ ಹೊಂದುತ್ತದೆ. ಸುಖ ಸಿಗದಿದ್ದರೂ ‘ಮುಂದಿನದರಲ್ಲಿ ಇರಬಹುದು’ ಎಂಬ ಎಳೆತ ಮಾತ್ರ ಉಳಿಯುತ್ತದೆ.

ಇದನ್ನೆಲ್ಲ ಕಂಪನಿಗಳು ಏಕೆ ಮಾಡುತ್ತವೆ ಎಂಬುದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಆ್ಯಪ್ ಉಚಿತ, ಆದಾಯ ಜಾಹೀರಾತಿನದು, ನೀವು ಹೆಚ್ಚು ಹೊತ್ತು ಇದ್ದಷ್ಟೂ ಜಾಹೀರಾತು ಹೆಚ್ಚು. ಯಾವ ವಿಡಿಯೊದ ಮೇಲೆ ನಿಮ್ಮ ಬೆರಳು ಎರಡು ಸೆಕೆಂಡ್ ಹೆಚ್ಚು ತಡೆಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮುಂದಿನದನ್ನು ಆರಿಸುವ ವ್ಯವಸ್ಥೆ ಅದು. ಫೇಸ್‌ಬುಕ್‌ನ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್, ಜನರ ಸಮಯವನ್ನೂ ಗಮನವನ್ನೂ ಆದಷ್ಟು ಹೆಚ್ಚಾಗಿ ಹೇಗೆ ಬಳಸಿಕೊಳ್ಳುವುದು ಎಂಬುದೇ ಇಂಥ ಆ್ಯಪ್‌ಗಳನ್ನು ಕಟ್ಟುವಾಗಿನ ಯೋಚನೆಯಾಗಿತ್ತೆಂದು 2017ರಲ್ಲಿ ತಾವೇ ಒಪ್ಪಿಕೊಂಡರು. ಪರದೆಯ ಆ ಕಡೆ ಸಾವಿರಾರು ಎಂಜಿನಿಯರ್‌ಗಳು, ಈ ಕಡೆ ಒಬ್ಬರೇ ನೀವು. ಈ ಸ್ಥಿತಿಯಲ್ಲಿ ಸೋತದ್ದನ್ನು ದೌರ್ಬಲ್ಯ ಎಂದು ಕರೆದುಕೊಳ್ಳುವುದು ನ್ಯಾಯವಲ್ಲ.

ನಮ್ಮ ದೇಶದಲ್ಲಿ ಇನ್ನೂ ಒಂದು ತಡೆ ಕಳಚಿಬಿದ್ದಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬರುವವರೆಗೆ, ತಿಂಗಳಿಗೆ ಒಂದು ಜಿಬಿ ಡೇಟಾ ಹಾಕಿಸಿಕೊಂಡವರು ಅದನ್ನು ಎಣ್ಣೆಯಂತೆ ಅಳೆದು ಬಳಸುತ್ತಿದ್ದರು. ಡೇಟಾ ಮುಗಿಯುವುದೇ ಒಂದು ಕೊನೆಯಾಗಿತ್ತು. ಈಗಿನ ಪ್ಯಾಕ್‌ಗಳಲ್ಲಿ ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಸಿಗುತ್ತದೆ, ಮತ್ತು ಉಳಿದದ್ದು ಮಧ್ಯರಾತ್ರಿ ಕಳೆದುಹೋಗುತ್ತದೆ. ‘ಹೇಗೂ ಹಾಳಾಗುತ್ತದೆ, ನೋಡಿಬಿಡೋಣ’ ಎಂದು ಹನ್ನೊಂದು ಗಂಟೆಗೆ ಕೂರುವವರನ್ನು ನಾನು ಕಂಡಿದ್ದೇನೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್ ರೀಲ್ಸ್ ಭಾರತಕ್ಕೆ ಬಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್‌ನ ಮೊದಲ ಪರೀಕ್ಷೆಯನ್ನು ಇಲ್ಲಿಯೇ ಆರಂಭಿಸಿತು. ಆ್ಯಪ್ ಬದಲಾದರೂ ಬೆರಳಿನ ಚಲನೆ ಬದಲಾಗಲಿಲ್ಲ.

ಹಾಗಾದರೆ ಇದನ್ನು ವ್ಯಸನ ಎನ್ನಬಹುದೇ? ಈ ಪದವನ್ನು ಜೋಪಾನವಾಗಿ ಬಳಸಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್‌ನ ಅಸ್ವಸ್ಥತೆಗೆ ಸ್ಥಾನವಿದೆ, ‘ಮೊಬೈಲ್ ವ್ಯಸನ’ ಎಂಬ ಪ್ರತ್ಯೇಕ ಕಾಯಿಲೆ ಅದರಲ್ಲಿಲ್ಲ. ಆದರೆ ಅಲ್ಲಿ ಹೇಳಿರುವ ಲಕ್ಷಣಗಳು ನಮಗೆ ಅಳತೆಗೋಲಾಗಬಲ್ಲವು: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿಯಾಗುತ್ತಿದೆಯೆಂದು ಕಂಡರೂ ಮುಂದುವರಿಸುವುದು. ನಿದ್ದೆ, ಓದು, ಕೆಲಸ, ಮನೆಯವರ ಜೊತೆಗಿನ ಮಾತು ತಿಂಗಳುಗಟ್ಟಲೆ ಕೆಡುತ್ತಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಈ ಸಮಸ್ಯೆಗೆಂದೇ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ತೆರೆದಿದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದವರಿಗೆ ನನ್ನ ಸಲಹೆ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವ ಪ್ರತಿಜ್ಞೆಗಿಂತ ಕಳೆದುಹೋದ ಕೊನೆಗಳನ್ನು ಮತ್ತೆ ಕಟ್ಟಿಕೊಳ್ಳುವುದು. ಯೂಟ್ಯೂಬ್‌ನಲ್ಲಿ ವೀಕ್ಷಣಾ ಇತಿಹಾಸವನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿದರೆ ಮುಖಪುಟದಲ್ಲಿ ಶಿಫಾರಸುಗಳು ಬರುವುದು ನಿಲ್ಲುತ್ತದೆ. ಬೇಕಾದದ್ದನ್ನು ನೀವೇ ಹುಡುಕಿ ನೋಡಬೇಕಾಗುತ್ತದೆ. ತಾನಾಗಿ ಮುಂದಿನ ವಿಡಿಯೊ ಆರಂಭವಾಗುವ ಆಟೊಪ್ಲೇಯನ್ನು ನಿಲ್ಲಿಸಿ. ಮನುಷ್ಯರು ಕಳಿಸಿದ ಸಂದೇಶ ಮತ್ತು ಕರೆಗಳನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಷನ್‌ಗಳನ್ನು ಬಂದ್ ಮಾಡಿ. ಮನೆಯಲ್ಲಿ ಮಕ್ಕಳಿದ್ದರೆ ನಿಯಮ ಎಲ್ಲರಿಗೂ ಒಂದೇ ಇರಬೇಕು. ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದೊಡನೆ ಇಡೀ ಊರು ಒಂದೂವರೆ ಗಂಟೆ ಟಿವಿಯನ್ನೂ ಮೊಬೈಲನ್ನೂ ಬದಿಗಿಡುವ ಕ್ರಮ ಮಾಡಿಕೊಂಡಿತು. ದೊಡ್ಡವರೂ ಇಡುತ್ತಾರೆ ಎಂಬುದರಲ್ಲೇ ಅದರ ಬಲವಿದೆ ಎಂದು ನಾನು ನಂಬುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ನನ್ನ ಮಟ್ಟಿಗೆ, ಮೊಬೈಲ್ ಮಲಗುವ ಜಾಗವನ್ನು ಬದಲಿಸಿದ್ದು. ಒಮ್ಮೆ ಬೆಳಗಿನ ಶಿರಸಿ ಬಸ್ಸಿನ ಸಮಯ ನೋಡಲೆಂದು ಹತ್ತು ಗಂಟೆಗೆ ಹಾಸಿಗೆಯಲ್ಲಿ ಮೊಬೈಲ್ ತೆರೆದವನು ಹನ್ನೊಂದೂಕಾಲಕ್ಕೆ ಅದನ್ನು ಕೆಳಗಿಟ್ಟೆ. ಬಸ್ಸಿನ ಸಮಯವನ್ನು ನೋಡಿಯೇ ಇರಲಿಲ್ಲ. ಮರುದಿನವೇ ಒಂದು ಅಲಾರಾಂ ಗಡಿಯಾರ ಕೊಂಡು ತಂದು, ಚಾರ್ಜರನ್ನು ಅಡುಗೆಮನೆಯ ಮಿಕ್ಸರ್ ಪಕ್ಕದ ಪ್ಲಗ್ಗಿಗೆ ಹಾಕಿದೆ. ಸುಮಾರು ಎರಡು ವಾರ ರಾತ್ರಿ ಎಚ್ಚರವಾದಾಗೆಲ್ಲ ನನ್ನ ಕೈ ದಿಂಬಿನ ಬದಿಯಲ್ಲಿ ತಡಕಾಡುತ್ತಿತ್ತು. ನಿಮ್ಮ ಕೈಯೂ ತಡಕಾಡೀತು. ಆಗ ಚಾರ್ಜರನ್ನು ಮಾತ್ರ ಮಲಗುವ ಕೋಣೆಗೆ ವಾಪಸು ತರಬೇಡಿ.