ನ್ಯೂಜೆರ್ಸಿಯಿಂದ ಪ್ಯಾರಿಸ್‌ಗೆ ಅಗ್ಗದ ಟಿಕೆಟ್: ಮೊದಲು ತಾರೀಕು ಹುಡುಕಿ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಇಬ್ಬರು ದೊಡ್ಡವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬೇಸಿಗೆ ರಜೆಯಲ್ಲಿ ಒಂದು ವಾರ ಪ್ಯಾರಿಸ್ ನೋಡಿ ಬರುವ ಆಸೆ. ಟಿಕೆಟ್ ನೋಡಿದರೆ ಒಬ್ಬೊಬ್ಬರಿಗೆ ಸಾವಿರ ಡಾಲರ್ ದಾಟುತ್ತಿದೆ. ಯಾವ ವೆಬ್‌ಸೈಟಿನಲ್ಲಿ ಅಗ್ಗಕ್ಕೆ ಸಿಗುತ್ತದೆ? ಎಷ್ಟು ದಿನ ಮುಂಚೆ ಬುಕ್ ಮಾಡಬೇಕು?

ಉತ್ತರ: ವೆಬ್‌ಸೈಟ್ ಯಾವುದೆಂಬುದನ್ನು ಕೊನೆಗಿಟ್ಟುಕೊಳ್ಳಿ. ಒಂದೇ ವಿಮಾನದ ಒಂದೇ ಸೀಟಿಗೆ ಗೂಗಲ್ ಫ್ಲೈಟ್ಸ್, ಕಯಾಕ್, ಸ್ಕೈಸ್ಕ್ಯಾನರ್ ತೋರಿಸುವ ದರದಲ್ಲಿ ಸಾಮಾನ್ಯವಾಗಿ ಹತ್ತಿಪ್ಪತ್ತು ಡಾಲರ್ ಹೆಚ್ಚುಕಮ್ಮಿ ಇರುತ್ತದೆ, ಅಷ್ಟೇ. ಅದೇ ಪ್ರಯಾಣವನ್ನು ಜುಲೈ ಆರಂಭದಿಂದ ಆಗಸ್ಟ್ ಕೊನೆಗೆ ಸರಿಸಿದರೆ ತಲೆಗೆ ಇನ್ನೂರು, ಮುನ್ನೂರು ಡಾಲರ್ ಇಳಿಯುವುದುಂಟು. ದೊಡ್ಡ ಉಳಿತಾಯ ಇರುವುದು ತಾರೀಕಿನಲ್ಲಿ.

ನ್ಯೂಯಾರ್ಕ್–ಪ್ಯಾರಿಸ್ ಮಾರ್ಗದಲ್ಲಿ ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ದರ ತುಟ್ಟತುದಿಯಲ್ಲಿರುತ್ತದೆ. ಜನವರಿ ಎರಡನೇ ವಾರದಿಂದ ಮಾರ್ಚ್ ಆರಂಭದವರೆಗೆ, ಮತ್ತೆ ಥ್ಯಾಂಕ್ಸ್‌ಗಿವಿಂಗ್ ವಾರವೊಂದನ್ನು ಬಿಟ್ಟು ನವೆಂಬರಿನಲ್ಲಿ, ತೀರಾ ಕಡಿಮೆ. ಮಕ್ಕಳ ಶಾಲೆ ಇರುವವರಿಗೆ ಜನವರಿ ಆಗದ ಮಾತು, ನಿಜ. ಆದರೆ ನ್ಯೂಜೆರ್ಸಿಯವರಿಗೆ ಎರಡು ಸಂದುಗಳಿವೆ. ಅಮೆರಿಕದ ದಕ್ಷಿಣ ಮತ್ತು ಮಧ್ಯದ ಹಲವು ರಾಜ್ಯಗಳಲ್ಲಿ ಶಾಲೆಗಳು ಆಗಸ್ಟ್ ಮೊದಲರ್ಧದಲ್ಲೇ ತೆರೆಯುತ್ತವೆ. ಯುರೋಪಿಗೆ ಹೋಗುವ ಕುಟುಂಬಗಳ ಸಂಖ್ಯೆ ಅಲ್ಲಿಗೆ ಇಳಿಯುತ್ತದೆ, ದರವೂ ಇಳಿಯುತ್ತದೆ. ನ್ಯೂಜೆರ್ಸಿಯ ಹೆಚ್ಚಿನ ಶಾಲೆಗಳು ತೆರೆಯುವುದು ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ಆಸುಪಾಸಿನಲ್ಲಿ. ಆಗಸ್ಟ್ 20ರ ನಂತರ ಹೊರಟು ಲೇಬರ್ ಡೇ ವಾರಾಂತ್ಯ ಶುರುವಾಗುವ ಮುಂಚೆ ವಾಪಸಾದರೆ ಬೇಸಿಗೆ ರಜೆಯೂ ಆಯಿತು, ಜುಲೈ ದರವೂ ತಪ್ಪಿತು. ಇನ್ನೊಂದು ನವೆಂಬರ್ ಆರಂಭದಲ್ಲಿ ಬರುತ್ತದೆ. ಶಿಕ್ಷಕರ ಸಂಘದ ವಾರ್ಷಿಕ ಸಮಾವೇಶಕ್ಕಾಗಿ ನ್ಯೂಜೆರ್ಸಿಯ ಶಾಲೆಗಳಿಗೆ ಗುರುವಾರ, ಶುಕ್ರವಾರ ರಜೆ. ಬುಧವಾರ ರಾತ್ರಿ ಹೊರಟರೆ ಗುರುವಾರ ಬೆಳಿಗ್ಗೆ ಪ್ಯಾರಿಸ್, ಭಾನುವಾರ ಹಿಂದಿರುಗಬಹುದು. ದಿನ ಕಡಿಮೆ, ಚಳಿ ಇರುತ್ತದೆ, ಆದರೆ ಬೇಸಿಗೆಯ ದರದ ಅರ್ಧಕ್ಕೇ ಟಿಕೆಟ್ ಸಿಗುವ ಸಾಧ್ಯತೆ ಇದೆ.

ವಾರದ ದಿನವೂ ಲೆಕ್ಕಕ್ಕೆ ಬರುತ್ತದೆ. ಮಂಗಳವಾರ, ಬುಧವಾರ ಹೊರಡುವುದು ಶುಕ್ರವಾರಕ್ಕಿಂತ ಅಗ್ಗ. ವಾಪಸಿಗೆ ಶನಿವಾರ, ಭಾನುವಾರ ತುಟ್ಟಿ. ಇದು ವಿಮಾನ ಹತ್ತುವ ದಿನದ ಮಾತು. ‘ಮಂಗಳವಾರ ಮಧ್ಯರಾತ್ರಿ ಕೊಂಡರೆ ಅಗ್ಗ’ ಎಂಬ ಮಾತು ಬೇರೆ, ಅದನ್ನು ನಂಬಬೇಡಿ.

ಹುಡುಕುವ ಬಗೆ

ಗೂಗಲ್ ಫ್ಲೈಟ್ಸ್ ತೆರೆಯಿರಿ. ಹೊರಡುವ ಜಾಗದಲ್ಲಿ ನ್ಯೂಯಾರ್ಕಿನ ಜೆಎಫ್‌ಕೆ, ನ್ಯೂಜೆರ್ಸಿಯ ನ್ಯೂವಾರ್ಕ್ ಎರಡೂ ವಿಮಾನ ನಿಲ್ದಾಣಗಳನ್ನು ಹಾಕಿ. ಫಿಲಡೆಲ್ಫಿಯಾವನ್ನೂ ಸೇರಿಸಿ, ಎಡಿಸನ್‌ನಿಂದ ಅದೇನೂ ದೂರವಲ್ಲ. ಒಂದೇ ಖಾನೆಯಲ್ಲಿ ಏಳು ನಿಲ್ದಾಣಗಳವರೆಗೆ ಹಾಕಬಹುದು. ತಲುಪುವ ಜಾಗದಲ್ಲಿ ಚಾರ್ಲ್ಸ್ ಡಿ ಗಾಲ್ ಜೊತೆಗೆ ಓರ್ಲಿಯನ್ನೂ ಹಾಕಿ. ಆಮೇಲೆ ತಾರೀಕಿನ ಖಾನೆ ಒತ್ತಿದರೆ ಎರಡು ತಿಂಗಳ ಕ್ಯಾಲೆಂಡರ್ ತೆರೆದು ಪ್ರತಿ ದಿನದ ಕೆಳಗೆ ದರ ಕಾಣಿಸುತ್ತದೆ. ಹಸಿರು ಬಣ್ಣದಲ್ಲಿರುವ ದಿನಗಳು ಅಗ್ಗ. ನಿಮ್ಮ ರಜೆಯೊಳಗೆ ಬೀಳುವ ಹಸಿರು ದಿನಗಳನ್ನು ಬರೆದಿಟ್ಟುಕೊಳ್ಳಿ. ಆ ತಾರೀಕುಗಳಿಗೆ ದರದ ಎಚ್ಚರಿಕೆ ಹಾಕಿಬಿಟ್ಟರೆ ಏರಿಳಿತ ಮೇಲ್‌ನಲ್ಲಿ ಬರುತ್ತಿರುತ್ತದೆ.

ಬೇಸಿಗೆ ಪ್ರಯಾಣವಾದರೆ ಈ ಎಚ್ಚರಿಕೆಯನ್ನು ಹಿಂದಿನ ನವೆಂಬರಿನಲ್ಲೇ ಹಾಕಿ, ಜನವರಿಯಿಂದ ಮಾರ್ಚ್ ನಡುವೆ ಒಳ್ಳೆಯ ದರ ಬಂದ ದಿನ ಕೊಂಡುಬಿಡಿ. ಹನ್ನೊಂದು ತಿಂಗಳು ಮುಂಚೆ ಕೊಳ್ಳುವುದರಿಂದ ಲಾಭವಿಲ್ಲ, ಆಗ ಕಡಿಮೆ ದರದ ಸೀಟುಗಳನ್ನು ಕಂಪನಿಗಳು ಸಾಮಾನ್ಯವಾಗಿ ಬಿಟ್ಟಿರುವುದಿಲ್ಲ. ಕೊನೆಯ ಕ್ಷಣದ ಅಗ್ಗದ ಟಿಕೆಟ್‌ಗೆ ಕಾಯುವುದು ನಾಲ್ಕು ಜನರ ಕುಟುಂಬಕ್ಕೆ ಹೊಂದುವ ಮಾತಲ್ಲ. ನವೆಂಬರ್ ಪ್ರಯಾಣಕ್ಕೆ ಇಷ್ಟು ಆತುರ ಬೇಡ, ಎರಡರಿಂದ ನಾಲ್ಕು ತಿಂಗಳು ಮುಂಚೆ ಸಾಕು.

ಈಗ ಅನೇಕರು ಗಮನಿಸದೆ ದುಡ್ಡು ಕಳೆದುಕೊಳ್ಳುವ ಒಂದು ಜಾಗ. ಎಕಾನಮಿ ಕ್ಯಾಬಿನ್ ಒಂದೇ ಆದರೂ ಅದರ ಸೀಟುಗಳು ಹಲವು ದರದ ಮೆಟ್ಟಿಲುಗಳಲ್ಲಿ ಮಾರಾಟವಾಗುತ್ತವೆ. ಕೆಳಗಿನ ಮೆಟ್ಟಿಲಿನವು ಮುಗಿದ ಮೇಲೆ ಮುಂದಿನದು. ‘ನಾಲ್ಕು ಜನ’ ಎಂದು ಹುಡುಕಿದಾಗ ಬುಕಿಂಗ್ ವ್ಯವಸ್ಥೆ ನಾಲ್ಕೂ ಸೀಟು ಒಟ್ಟಿಗೆ ಸಿಗುವ ಮೆಟ್ಟಿಲನ್ನು ಹುಡುಕಿ ಆ ದರವನ್ನೇ ನಾಲ್ವರಿಗೂ ಹಾಕುತ್ತದೆ. 610 ಡಾಲರಿನ ಸೀಟು ಎರಡೇ ಉಳಿದಿವೆ, ಮುಂದಿನ ಮೆಟ್ಟಿಲು 690 ಎಂದುಕೊಳ್ಳಿ. ನಾಲ್ವರಿಗೆ ಒಟ್ಟಿಗೆ ಕೇಳಿದರೆ 2,760 ಡಾಲರ್. ಇಬ್ಬಿಬ್ಬರಂತೆ ಎರಡು ಸಲ ಕೊಂಡರೆ 1,220 ಮತ್ತು 1,380, ಒಟ್ಟು 2,600. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಕೊನೆಗೆ ನಾಲ್ವರಿಗೆ ಹುಡುಕಿ ನೋಡಿ. ತಲಾ ದರ ಬದಲಾದರೆ ಟಿಕೆಟ್ ಒಡೆಯಿರಿ, ಆದರೆ ಪ್ರತಿ ಬುಕಿಂಗ್‌ನಲ್ಲಿ ಒಬ್ಬರು ದೊಡ್ಡವರು, ಒಂದು ಮಗು ಇರಲಿ. ಇದರ ತೊಂದರೆಯೂ ಗೊತ್ತಿರಬೇಕು: ವಿಮಾನ ರದ್ದಾದರೆ ಎರಡು ಬುಕಿಂಗ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಬಹುದು. ಕೊಂಡ ಕೂಡಲೇ ಕಂಪನಿಗೆ ಫೋನ್ ಮಾಡಿ, ಎರಡೂ ಒಂದೇ ಕುಟುಂಬದ್ದೆಂದು ನಮೂದಿಸಲು ಹೇಳಿ. ಇಪ್ಪತ್ತು ಡಾಲರ್ ಉಳಿಯುವುದಾದರೆ ಈ ತಾಪತ್ರಯ ಬೇಡ.

‘ನಾನು ಎರಡನೇ ಸಲ ನೋಡಿದಾಗ ದರ ಏರಿತ್ತು, ನನ್ನ ಬ್ರೌಸರ್ ಗುರುತು ಹಿಡಿದು ಏರಿಸಿದರು’ ಎನ್ನುವುದಕ್ಕೂ ಬಹುಪಾಲು ಈ ಮೆಟ್ಟಿಲೇ ಕಾರಣ. ನಡುವೆ ಯಾರೋ ಆ ಸೀಟು ಕೊಂಡಿರುತ್ತಾರೆ. ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಆ ಸೀಟು ಮರಳಿ ಬರುವುದಿಲ್ಲ.

ತೆರೆಯ ಮೇಲಿನ ದರ, ಕೈಯಿಂದ ಹೋಗುವ ದುಡ್ಡು

ಈ ಮಾರ್ಗದಲ್ಲಿ ನೇರ ವಿಮಾನಗಳಿಗೆ ಕೊರತೆಯಿಲ್ಲ. ಜೆಎಫ್‌ಕೆಯಿಂದ ಏರ್ ಫ್ರಾನ್ಸ್, ಡೆಲ್ಟಾ, ಅಮೆರಿಕನ್, ಜೆಟ್‌ಬ್ಲೂ. ನ್ಯೂವಾರ್ಕ್‌ನಿಂದ ಯುನೈಟೆಡ್, ಮತ್ತು ಓರ್ಲಿಗೆ ಹೋಗುವ ಫ್ರೆಂಚ್ ಬೀ. ಪಟ್ಟಿಯಲ್ಲಿ ಮೇಲೆ ಕಾಣುವ ಅತಿ ಕಡಿಮೆ ದರ ಸಾಮಾನ್ಯವಾಗಿ ಬೇಸಿಕ್ ಅಥವಾ ಲೈಟ್ ಟಿಕೆಟಿನದು. ಅದರಲ್ಲಿ ಚೆಕ್ಡ್ ಬ್ಯಾಗ್ ಇಲ್ಲ, ಸೀಟು ಆರಿಸಿಕೊಳ್ಳಲು ಬೇರೆ ದುಡ್ಡು, ಬದಲಾವಣೆ ಕಷ್ಟ. ದೊಡ್ಡ ಕಂಪನಿಗಳಲ್ಲಿ ಮೊದಲ ಚೆಕ್ಡ್ ಬ್ಯಾಗಿಗೆ ಒಂದು ಕಡೆಗೆ ಸುಮಾರು 75 ಡಾಲರ್ ಹಿಡಿಯಿರಿ. ಎರಡು ಬ್ಯಾಗ್, ಹೋಗಿ ಬರಲು: 300. ಹಾಗಾಗಿ ‘ನೂರು ಡಾಲರ್ ಅಗ್ಗ’ ಎನ್ನುವ ಟಿಕೆಟ್ ಬ್ಯಾಗ್ ಸೇರಿಸಿದ ಮೇಲೂ ಅಗ್ಗವೇ ಎಂದು ಕಾಗದದ ಮೇಲೆ ಕೂಡಿ ನೋಡಬೇಕು. ಒಂದು ವಾರದ ಪ್ಯಾರಿಸ್ ಪ್ರವಾಸಕ್ಕೆ ನಾಲ್ವರೂ ಕ್ಯಾಬಿನ್ ಬ್ಯಾಗಿನಲ್ಲೇ ಮುಗಿಸಬಹುದು. ಆದರೆ ತೂಕದ ಮಿತಿ ನೋಡಿಕೊಳ್ಳಿ. ಏರ್ ಫ್ರಾನ್ಸ್ ಎಕಾನಮಿಯಲ್ಲಿ ಕ್ಯಾಬಿನ್ ಬ್ಯಾಗ್ ಮತ್ತು ಕೈಚೀಲ ಎರಡೂ ಸೇರಿ 12 ಕಿಲೊ. ಚಕ್ರದ ಸೂಟ್‌ಕೇಸೇ ಮೂರು ಕಿಲೊ ತಿನ್ನುತ್ತದೆ.

ಊಟದ ವಿಷಯ. ದೊಡ್ಡ ಕಂಪನಿಗಳ ಟಿಕೆಟಿನಲ್ಲಿ ಊಟ ಸೇರಿರುತ್ತದೆ. ಶುದ್ಧ ಸಸ್ಯಾಹಾರ ಬೇಕಿದ್ದರೆ ‘ಏಷ್ಯನ್ ವೆಜಿಟೇರಿಯನ್’ ಎಂಬುದನ್ನು ಎರಡು ದಿನ ಮುಂಚೆಯೇ ಆರಿಸಿಡಿ. ಫ್ರೆಂಚ್ ಬೀಯ ಬೇಸಿಕ್ ಟಿಕೆಟಿನಲ್ಲಿ ಊಟವಿಲ್ಲ. ಮನೆಯಿಂದ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಧಾರಾಳವಾಗಿ ಒಯ್ಯಬಹುದು. ಮೊಸರನ್ನ ಮಾತ್ರ ಬೇಡ: ಮೊಸರು ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೆ ಬರುತ್ತದೆ, ಜೊತೆಗೆ ಅಮೆರಿಕದಿಂದ ಹಾಲಿನ ಪದಾರ್ಥವನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಪೇಢೆ, ತುಪ್ಪಕ್ಕೂ ಇದೇ ನಿಯಮ.

ಎಡಿಸನ್‌ನಿಂದ ನ್ಯೂವಾರ್ಕ್‌ಗೆ ಎನ್‌ಜೆ ಟ್ರಾನ್ಸಿಟ್ ರೈಲು ನೇರ. ಜೆಎಫ್‌ಕೆಗೆ ಕಾರಿನಲ್ಲಿ ಹೋದರೆ ಟೋಲ್, ಪಾರ್ಕಿಂಗ್, ಬೆಲ್ಟ್ ಪಾರ್ಕ್‌ವೇ ಟ್ರಾಫಿಕ್ ಎಲ್ಲವೂ ಸೇರುತ್ತದೆ. ಇಡೀ ಕುಟುಂಬಕ್ಕೆ ಲೆಕ್ಕ ಹಾಕಿದಾಗ ನೂರು ಡಾಲರ್ ವ್ಯತ್ಯಾಸ ಇಲ್ಲಿಯೇ ಕರಗುತ್ತದೆ. ಪ್ಯಾರಿಸ್ ಬದಿಯಲ್ಲಿ ಚಾರ್ಲ್ಸ್ ಡಿ ಗಾಲ್, ಓರ್ಲಿ ಎರಡಕ್ಕೂ ರೈಲಿನ ದರ ಒಂದೇ, 13–14 ಯೂರೊ. 2024ರಲ್ಲಿ ಮೆಟ್ರೊ 14ನೇ ಮಾರ್ಗ ಓರ್ಲಿಯವರೆಗೆ ಬಂದ ಮೇಲೆ ಆ ನಿಲ್ದಾಣವನ್ನು ದೂರವೆಂದು ಬಿಡಬೇಕಾಗಿಲ್ಲ.

ಸುತ್ತಿ ಹೋದರೆ ಅಗ್ಗವೇ?

ಕೆಲವೊಮ್ಮೆ. ಐಸ್‌ಲ್ಯಾಂಡ್ಏರ್ ರೇಕ್ಯವಿಕ್ ಮೂಲಕ, ಪೋರ್ಚುಗಲ್ಲಿನ ಟ್ಯಾಪ್ ಕಂಪನಿ ಲಿಸ್ಬನ್ ಮೂಲಕ ಹೋಗುತ್ತವೆ. ವಿಮಾನ ದರ ಹೆಚ್ಚಿಸದೆ ಮಧ್ಯದ ಊರಿನಲ್ಲಿ ಕೆಲವು ದಿನ ತಂಗಲು ಎರಡೂ ಬಿಡುತ್ತವೆ. ಒಂದೇ ಟಿಕೆಟ್ ಆದ್ದರಿಂದ ಮೊದಲ ವಿಮಾನ ತಡವಾದರೂ ಮುಂದಿನದರ ಹೊಣೆ ಕಂಪನಿಯದೇ. ಅಪಾಯ ಇರುವುದು ನಾವೇ ಎರಡು ಟಿಕೆಟ್ ಜೋಡಿಸಿಕೊಂಡಾಗ. ನ್ಯೂಯಾರ್ಕ್–ಡಬ್ಲಿನ್ ಒಂದು, ಡಬ್ಲಿನ್–ಪ್ಯಾರಿಸ್ ಇನ್ನೊಂದು ಎಂದು ಕೊಂಡರೆ ನಡುವೆ ಇಮಿಗ್ರೇಶನ್ ದಾಟಿ, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಮೊದಲನೆಯದು ತಡವಾದರೆ ಎರಡನೆಯ ಟಿಕೆಟಿನ ದುಡ್ಡು ಹೋಯಿತು. ಅಗ್ಗದ ಕಂಪನಿಗಳು ‘ಪ್ಯಾರಿಸ್’ ಎನ್ನುವ ಬೋವೆ ನಿಲ್ದಾಣ ನಗರದಿಂದ 80 ಕಿಲೋಮೀಟರ್ ಆಚೆ ಇದೆ ಎಂಬುದೂ ನೆನಪಿರಲಿ.

ಲಂಡನ್ ಸೇರಿಸಿಕೊಳ್ಳುವುದಾದರೆ ದಿಕ್ಕು ಮುಖ್ಯ. ಬ್ರಿಟನ್ನಿನಿಂದ ಹೊರಡುವ ದೂರದ ವಿಮಾನಕ್ಕೆ ಎಕಾನಮಿಯಲ್ಲೂ ದೊಡ್ಡವರಿಗೆ ತಲಾ ಸುಮಾರು 90ರಿಂದ 100 ಪೌಂಡ್ ಪ್ರಯಾಣಿಕ ತೆರಿಗೆ ಬೀಳುತ್ತದೆ. 16 ವರ್ಷದೊಳಗಿನ ಮಕ್ಕಳಿಗಿಲ್ಲ. ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಹೊರಟರೆ ಫ್ರಾನ್ಸಿನ ಅಂಥದ್ದೇ ತೆರಿಗೆ 40 ಯೂರೊ. ಲಂಡನ್‌ಗೆ ಇಳಿದು, ಯೂರೋಸ್ಟಾರ್ ರೈಲಿನಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಪ್ಯಾರಿಸ್ ಸೇರಿ, ಅಲ್ಲಿಂದಲೇ ವಾಪಸಾಗಿ. ಇಂಥದ್ದನ್ನು ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ಹುಡುಕಿ. ಎರಡು ಒನ್-ವೇ ಟಿಕೆಟ್ ಮಾಡಿದರೆ ಹಳೆಯ ದೊಡ್ಡ ಕಂಪನಿಗಳಲ್ಲಿ ದರ ಬೇಕಾಬಿಟ್ಟಿ ಏರುತ್ತದೆ.

ಇದೇ ಮಲ್ಟಿ ಸಿಟಿಯಲ್ಲಿ ಊರಿಗೆ ಹೋಗುವವರಿಗೂ ಒಂದು ದಾರಿಯಿದೆ. ಏರ್ ಫ್ರಾನ್ಸ್ ಪ್ಯಾರಿಸ್‌ನಿಂದ ಬೆಂಗಳೂರಿಗೆ ನೇರ ಹಾರುತ್ತದೆ. ಹೇಗೂ ಈ ವರ್ಷ ಬೆಂಗಳೂರಿಗೆ ಹೋಗುವವರಿದ್ದರೆ, ನ್ಯೂಯಾರ್ಕ್–ಪ್ಯಾರಿಸ್, ನಾಲ್ಕು ದಿನ ಬಿಟ್ಟು ಪ್ಯಾರಿಸ್–ಬೆಂಗಳೂರು, ಆಮೇಲೆ ಬೆಂಗಳೂರು–ನ್ಯೂಯಾರ್ಕ್ ಎಂದು ಹಾಕಿ ನೋಡಿ. ಸಾದಾ ಬೆಂಗಳೂರು ಟಿಕೆಟಿಗೂ ಇದಕ್ಕೂ ಇರುವ ವ್ಯತ್ಯಾಸ ಎಷ್ಟೋ ಸಲ ಪ್ರತ್ಯೇಕ ಪ್ಯಾರಿಸ್ ಟಿಕೆಟಿಗಿಂತ ಬಹಳ ಕಡಿಮೆ.

ವೀಸಾ ಕೈಗೆ ಬರುವ ಮುನ್ನ

ಮಕ್ಕಳದ್ದು ಅಮೆರಿಕದ ಪಾಸ್‌ಪೋರ್ಟ್, ಅಪ್ಪ ಅಮ್ಮನದ್ದು ಭಾರತದ್ದು: ಕನ್ನಡ ಕುಟುಂಬಗಳಲ್ಲಿ ಇದು ಮಾಮೂಲು. ಮಕ್ಕಳಿಗೆ ವೀಸಾ ಬೇಡ, ದೊಡ್ಡವರಿಗೆ ಶೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು, ಗ್ರೀನ್ ಕಾರ್ಡ್ ಇದ್ದರೂ ಬೇಕು. ಶುಲ್ಕ ದೊಡ್ಡವರಿಗೆ 90 ಯೂರೊ. ಟಿಕೆಟಿನ ಲೆಕ್ಕಕ್ಕೆ ಅದನ್ನೂ ಸೇರಿಸಿ. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಲಂಡನ್ ಮತ್ತು ಡಬ್ಲಿನ್ ಶೆಂಗೆನ್‌ಗೆ ಸೇರಿಲ್ಲ, ಆ ಊರುಗಳಲ್ಲಿ ಹೊರಗೆ ಕಾಲಿಡಲು ಅವುಗಳದ್ದೇ ಅನುಮತಿ ಬೇಕು. ಅಮೆರಿಕದ ಉದ್ಯೋಗ ವೀಸಾ ಎಚ್-1ಬಿಯಲ್ಲಿದ್ದು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ, ಟಿಕೆಟ್ ಮಾತೇ ಎತ್ತಬೇಡಿ. ಹೊಸ ಸ್ಟ್ಯಾಂಪ್ ಇಲ್ಲದೆ ಪ್ಯಾರಿಸ್‌ನಿಂದ ಮರಳಿ ಬರಲಾಗದು.

ವೀಸಾ ಕೈಯಲ್ಲಿಲ್ಲದೆ ಕೊಳ್ಳುವಾಗ ಬೇಸಿಕ್ ಬಿಟ್ಟು ಮೇನ್ ಕ್ಯಾಬಿನ್ (ಸಾಮಾನ್ಯ ಎಕಾನಮಿ) ಟಿಕೆಟನ್ನೇ ತೆಗೆದುಕೊಳ್ಳಿ. ಡೆಲ್ಟಾ, ಯುನೈಟೆಡ್, ಅಮೆರಿಕನ್‌ಗಳಲ್ಲಿ ಅದಕ್ಕೆ ಬದಲಾವಣೆ ಶುಲ್ಕವಿಲ್ಲ. ಕೊಂಡ ಮೇಲೆ ದರ ಇಳಿದರೂ ಅದೇ ವಿಮಾನಕ್ಕೆ ಮರುಬುಕಿಂಗ್ ಮಾಡಿ ವ್ಯತ್ಯಾಸವನ್ನು ಕ್ರೆಡಿಟ್ ಆಗಿ ಪಡೆಯಬಹುದು. ಆದ್ದರಿಂದ ಟಿಕೆಟ್ ಕೈಗೆ ಬಂದ ಮೇಲೂ ದರದ ಎಚ್ಚರಿಕೆ ತೆಗೆಯಬೇಡಿ.

ಪಾವತಿ ಮಾಡುವುದು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ಆಗಲಿ. ಹೊರಡಲು ಏಳು ದಿನಕ್ಕಿಂತ ಹೆಚ್ಚಿದ್ದರೆ, 24 ಗಂಟೆಯೊಳಗೆ ರದ್ದು ಮಾಡಿದಾಗ ಪೂರ್ತಿ ಹಣ ವಾಪಸ್ ಕೊಡುವುದು ಅಥವಾ ಹಣ ಪಡೆಯದೆಯೇ ಅದೇ ದರವನ್ನು 24 ಗಂಟೆ ಹಿಡಿದಿಡುವುದು, ಇವೆರಡರಲ್ಲಿ ಒಂದನ್ನು ಮಾಡಲೇಬೇಕೆಂದು ಅಮೆರಿಕದ ಸಾರಿಗೆ ಇಲಾಖೆಯ ನಿಯಮವಿದೆ. ಅದು ವಿಮಾನ ಕಂಪನಿಗಳಿಗೆ ಅನ್ವಯಿಸುತ್ತದೆ, ಮಧ್ಯವರ್ತಿ ವೆಬ್‌ಸೈಟುಗಳಿಗಲ್ಲ. ಹೆಸರೇ ಕೇಳಿರದ ಸೈಟಿನಲ್ಲಿ ಹದಿನೈದು ಡಾಲರ್ ಉಳಿಸಿದವರು ವಿಮಾನದ ವೇಳೆ ಬದಲಾದಾಗ ಕಂಪನಿಗೂ ಏಜೆಂಟಿಗೂ ನಡುವೆ ಓಡಾಡುತ್ತಾರೆ.

ಎರಡು ಕಂಪನಿಗಳ ದರ ಹೆಚ್ಚುಕಮ್ಮಿ ಒಂದೇ ಇದ್ದರೆ, ಹೋಗುವಾಗ ಯುರೋಪಿನ ಕಂಪನಿಯನ್ನು ಆರಿಸಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ, ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗಿಂತ ಹೆಚ್ಚು ತಡವಾಗಿ ತಲುಪಿದರೆ ಈ ದೂರಕ್ಕೆ ತಲಾ 600 ಯೂರೊ ಪರಿಹಾರ. ಪ್ಯಾರಿಸ್‌ನಿಂದ ಹೊರಡುವ ಎಲ್ಲ ವಿಮಾನಗಳಿಗೂ ಇದು ಅನ್ವಯಿಸುತ್ತದೆ; ನ್ಯೂಯಾರ್ಕ್‌ನಿಂದ ಹೊರಡುವಾಗ ಯುರೋಪಿನ ಕಂಪನಿ ಹಾರಿಸುವ ವಿಮಾನಕ್ಕಷ್ಟೇ. ಟಿಕೆಟಿನ ಮೇಲೆ ಏರ್ ಫ್ರಾನ್ಸ್ ಎಂದಿದ್ದು ಕೆಳಗೆ ಸಣ್ಣ ಅಕ್ಷರದಲ್ಲಿ ‘ಡೆಲ್ಟಾ ನಡೆಸುತ್ತದೆ’ ಎಂದಿದ್ದರೆ ಹೋಗುವ ದಾರಿಗೆ ಈ ರಕ್ಷಣೆ ಇಲ್ಲ. ದುಡ್ಡು ಕಟ್ಟುವ ಪುಟದಲ್ಲಿ ಆ ಸಾಲು ಇರುತ್ತದೆ, ಓದಿ ಮುಂದುವರಿಯಿರಿ.